ಕುಂಟುವ ಹುಂಜವೂ ಮುಚ್ಚಿಡುವ ಭಯವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ನಮಗೆ ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆಗಳು ನೆನಪಾಗುತ್ತವೆ. ಅಲ್ಲಿಯ ತೋಟದ ಮನೆಗಳಲ್ಲಿ, ಭೂಮಿಯಿಲ್ಲದವರ ಹಿತ್ತಿಲುಗಳಲ್ಲಿ ಸಾಕಿರುವ ನಾಲ್ಕಾರು ಕೋಳಿಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಕೋಳಿಗಳ ಯಜಮಾನಿಕೆ ಬಹುತೇಕ ಮನೆಯ ಹೆಣ್ಣುಮಗಳದು. ಮೊಟ್ಟೆ ಮಾರಿದ ಹಣ ಅವಳ ಕೈಖರ್ಚು. ಹುಂಜ ಹಬ್ಬಕ್ಕೋ ಕಷ್ಟಕಾಲಕ್ಕೋ ಇಟ್ಟುಕೊಂಡ ಗಂಟು. ಆ ಹುಂಜ ಒಂದು ದಿನ ಕುಂಟತೊಡಗಿದರೆ ಅವಳ ಮುಂದಿರುವ ದಾರಿಗಳು ಮೂರೇ: ಅರಿಸಿನ ಹಚ್ಚಿ ಕಾಯುವುದು, ಸಾಯುವ ಮೊದಲೇ ಕೊಯ್ಯುವುದು, ಇಲ್ಲವೇ ಮುಂದಿನ ಸಂತೆಗೆ ಒಯ್ದು ಮಾರುವುದು. ನಾಲ್ಕನೆಯದಾದ, ಪಶುವೈದ್ಯರಿಗೆ ತಿಳಿಸುವ ದಾರಿಯನ್ನು ಹಿಡಿಯುವವರು ವಿರಳ. ಏಕೆ ಹೀಗೆ ಎಂಬುದೇ ನಾನಿಲ್ಲಿ ಎತ್ತಬಯಸುವ ಪ್ರಶ್ನೆ.

ಕುಂಟುವಿಕೆ ತಾನೇ ಒಂದು ರೋಗವಲ್ಲ, ಒಂದು ಸೂಚನೆ ಮಾತ್ರ. ಕಾಲಿಗೆ ಬಿಗಿದ ಹಗ್ಗ, ಪಾದದಲ್ಲಿ ಮುರಿದ ಮುಳ್ಳು, ಜಗಳದಲ್ಲಾದ ಗಾಯ, ಅಂಗಾಲಿನಲ್ಲಿ ಕೀವುಗಟ್ಟಿದ ಬಾವು, ಜೀವಸತ್ವದ ಕೊರತೆ, ಇವೆಲ್ಲವೂ ಹುಂಜವನ್ನು ಕುಂಟಿಸಬಲ್ಲವು. ಆದುದರಿಂದ ಮೊದಲು ಕಾಲನ್ನೆತ್ತಿ ನೋಡಬೇಕು. ಗಾಯವಾಗಲಿ ಬಾವಾಗಲಿ ಕಾಣದೆ, ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಎಳೆಯ ಹಕ್ಕಿ ನೆಲ ಹಿಡಿದರೆ ಅದು ಮಾರೆಕ್ಸ್ ರೋಗವಿರಬಹುದು. ಹಂಗೆರಿಯ ಪಶುವೈದ್ಯ ಯೋಸೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಕಾಲು, ರೆಕ್ಕೆಗಳ ಸ್ವಾಧೀನ ತಪ್ಪಿದ ನಾಲ್ಕು ಹುಂಜಗಳನ್ನು ನೋಡಿಯೇ. ಗರಿಯ ಹೊಟ್ಟಿನೊಡನೆ ಧೂಳಿನಲ್ಲಿ ಬೆರೆತು ಹರಡುವ ಈ ವೈರಾಣು ಗೂಡಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ, ಮನುಷ್ಯರಿಗೆ ಇದು ತಗಲುವುದೂ ಇಲ್ಲ. ಲಸಿಕೆಯನ್ನು ಮರಿ ಹೊರಬಂದ ದಿನವೇ ಮರಿ ಮಾಡುವ ಕೇಂದ್ರಗಳಲ್ಲಿ ಹಾಕುತ್ತಾರೆ. ಹಿತ್ತಿಲಲ್ಲಿ ಹೇಟೆಯ ಕಾವಿನಲ್ಲಿ ಹೊರಬಂದ ಮರಿಗೆ ಆ ಭಾಗ್ಯವಿಲ್ಲ.

ಕುಂಟುವಿಕೆಯ ಜೊತೆಗೆ ಹಸಿರು ಭೇದಿ, ಬಾಯ್ದೆರೆದ ಏದುಸಿರು, ತಿರುಚಿದ ಕತ್ತು ಕಂಡರೆ ರಾಣಿಖೇತ್ ರೋಗವನ್ನು ಶಂಕಿಸಬೇಕು. ಲಸಿಕೆ ಕಾಣದ ಮಂದೆಯನ್ನು ಇದು ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸಿಬಿಡಬಲ್ಲದು. ಜುಟ್ಟು, ಗಲ್ಲದ ಜೋಲುಗಳು ನೀಲಿಗಟ್ಟಿ, ಮುಖ ಊದಿ, ಕಾಲಿನ ಚರ್ಮದ ಮೇಲೆ ರಕ್ತದ ಕಲೆ ಮೂಡಿ, ಕೋಳಿಗಳು ಒಂದರ ಹಿಂದೊಂದು ಹಠಾತ್ತನೆ ಸತ್ತರೆ ಹಕ್ಕಿಜ್ವರದ ಶಂಕೆ ಬರಲೇಬೇಕು. ಕಣ್ಣಳತೆಯಲ್ಲಿ ಇವೆರಡನ್ನೂ ಬೇರ್ಪಡಿಸಲು ಪಳಗಿದ ವೈದ್ಯರಿಗೂ ಆಗದು. ಹಕ್ಕಿಜ್ವರವನ್ನು ಭೋಪಾಲದ ಉನ್ನತ ಭದ್ರತಾ ಪ್ರಾಣಿ ರೋಗಗಳ ರಾಷ್ಟ್ರೀಯ ಸಂಸ್ಥೆ ಖಚಿತಪಡಿಸಬೇಕು.

ಈ ಭಯ ದೂರದ್ದಲ್ಲ. 2006ರ ಫೆಬ್ರುವರಿಯಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡದ್ದು ನೆರೆಯ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯ ಟರ್ಕಿ ಕೋಳಿಗಳಿಗೆ, 2020ರಲ್ಲಿ ಮೈಸೂರು ಮತ್ತು ಹರಿಹರ ತಾಲ್ಲೂಕಿನ ಕೋಳಿಗಳಿಗೆ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಿಗೆ ಅದು ತಗಲಿತು. ಅದೇ 2025ರ ಜನವರಿಯಲ್ಲಿ ಲಾತೂರು ಜಿಲ್ಲೆಯ ಉದಗೀರದಲ್ಲಿ ಕಾಗೆಗಳು ಸತ್ತುಬಿದ್ದವು. ರೋಗಕ್ಕೆ ದೊಡ್ಡ ಫಾರಂ, ಸರ್ಕಾರಿ ಸಂಸ್ಥೆ, ಬಡವರ ಹಿತ್ತಿಲು ಎಂಬ ಭೇದವಿಲ್ಲ. ಆದರೆ ನಿಯಮದ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ.

ಹಕ್ಕಿಜ್ವರ ಖಚಿತವಾದರೆ ಸುತ್ತಲಿನ 1 ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲಲಾಗುತ್ತದೆ. 10 ಕಿಲೋಮೀಟರಿನವರೆಗೆ ನಿಗಾ ಇರುತ್ತದೆ. ಸರ್ಕಾರ ಹೀಗೆ ಕೊಂದ ಕೋಳಿಗೆ ಪರಿಹಾರವುಂಟು, ರೋಗದಿಂದ ಮೊದಲೇ ಸತ್ತದ್ದಕ್ಕೆ ಇಲ್ಲ. ಬೇಗ ತಿಳಿಸಲಿ ಎಂಬುದು ಇದರ ಉದ್ದೇಶವಿರಬಹುದು. ಆದರೆ ಹತ್ತು ಕೋಳಿಗಳಲ್ಲಿ ಆರು ಸತ್ತ ಮೇಲೆ ಎಚ್ಚೆತ್ತ ಹೆಣ್ಣುಮಗಳ ಕಣ್ಣಿಗೆ ಕಾಣುವುದು ಬೇರೆಯೇ ಲೆಕ್ಕ: ತಿಳಿಸಿದರೆ ಸತ್ತ ಆರಕ್ಕೆ ಏನೂ ಇಲ್ಲ, ಉಳಿದ ನಾಲ್ಕೂ ಹೋಗುತ್ತವೆ, ಓಣಿಯವರ ಶಾಪ ಬೇರೆ. ಅವಳು ಬಾಯಿ ಮುಚ್ಚಿಕೊಂಡರೆ ಅದನ್ನು ಅಜ್ಞಾನವೆನ್ನುವುದು ಅನ್ಯಾಯ. ಮೌನವೇ ಲಾಭವಾಗುವಂತೆ ನಾವು ಏರ್ಪಾಡು ಮಾಡಿದ್ದೇವೆ.

ಲಸಿಕೆಯ ಕತೆಯೂ ಇಂಥದ್ದೇ. ರಾಣಿಖೇತ್ ಲಸಿಕೆ ಅಗ್ಗವಾದದ್ದು, ಪರಿಣಾಮಕಾರಿಯಾದದ್ದು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಸುಮಾರಿಗೆ ಚುಚ್ಚುಮದ್ದು. ಆದರೆ ಸೀಸೆಯೊಂದರಲ್ಲಿ ನೂರು, ಇನ್ನೂರು ಕೋಳಿಗಳಿಗಾಗುವಷ್ಟು ಲಸಿಕೆಯಿರುತ್ತದೆ. ಅದನ್ನು ತಣ್ಣಗಿಡಬೇಕು, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಎಂಟು ಕೋಳಿಗಳ ಮನೆ ಅದನ್ನು ಕೊಳ್ಳುವುದು ಹೇಗೆ? ಓಣಿಗೊಂದು ಲಸಿಕೆಯ ದಿನವನ್ನು ಗೊತ್ತುಮಾಡಿದರೆ ಒಂದು ಸೀಸೆ ಇಪ್ಪತ್ತು ಮನೆಗಳನ್ನು ಕಾಯುತ್ತದೆ. ಶಾಖ ತಾಳುವ ಐ–2 ಎಂಬ ಲಸಿಕೆಯನ್ನು ಹಳ್ಳಿಯ ಕೋಳಿಗಳಿಗೆಂದೇ ಆಸ್ಟ್ರೇಲಿಯಾದಲ್ಲಿ ರೂಪಿಸಲಾಯಿತು. ಅಂಥವನ್ನು ಹಿತ್ತಿಲಿಗೆ ತಲುಪಿಸುವುದು ನಮಗೂ ಅಸಾಧ್ಯವೇನಲ್ಲ.

ಈ ಐದು ತಾಲ್ಲೂಕುಗಳಲ್ಲಿ ಇದು ಇನ್ನಷ್ಟು ತುರ್ತಿನ ಕೆಲಸ. ಕಾಗವಾಡದಿಂದ ಮೀರಜ, ನಿಪ್ಪಾಣಿಯಿಂದ ಕೊಲ್ಲಾಪುರ ಕೂಗಳತೆಯಲ್ಲಿವೆ. ಗಡಿಯ ತಪಾಸಣಾ ಠಾಣೆ ಲಾರಿಯನ್ನು ತಡೆಯಬಹುದು. ಬುಟ್ಟಿಯಲ್ಲಿ ಕೋಳಿಯಿಟ್ಟುಕೊಂಡು ಸಂತೆಗೆ ನಡೆದವರನ್ನಲ್ಲ. 2019ರಲ್ಲಿ ಕೃಷ್ಣೆ ಉಕ್ಕಿದಾಗಿನಂತೆ ನೆರೆ ಬಂದರೆ ಜನ, ದನ, ಕೋಳಿ ಎಲ್ಲವೂ ಒಂದೇ ದಿಬ್ಬ ಸೇರಬೇಕಾಗುತ್ತದೆ; ಒದ್ದೆ ನೆಲದ ಅಂಥ ಒತ್ತೊತ್ತಿನಲ್ಲಿ ರೋಗಕ್ಕೆ ಅಡ್ಡಿಯಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕುಂಟುವ ಹುಂಜವನ್ನು ಬೇರೆ ಬುಟ್ಟಿಯಡಿ ಇರಿಸಿ, ಉಳಿದವಕ್ಕೆ ಮೇವು ನೀರು ಕೊಟ್ಟ ನಂತರವೇ ಅದನ್ನು ನೋಡಿಕೊಳ್ಳಬೇಕು. ಅದನ್ನು ಸಂತೆಗೆ ಒಯ್ಯಬಾರದು, ಕೊಯ್ಯಲೂಬಾರದು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಹಕ್ಕಿಜ್ವರದ ವೈರಾಣು ಉಳಿಯದು. ಅಪಾಯವಿರುವುದು ಕೊಯ್ಯುವ, ಪುಕ್ಕ ಕೀಳುವ ಕೈಗಳಿಗೆ, ಆ ಕೈಗಳ ಸುತ್ತ ಆಡುವ ಮಕ್ಕಳಿಗೆ. ಇನ್ನೊಂದು ಕೋಳಿಗೂ ಅದೇ ಲಕ್ಷಣ ಬಂದರೆ ಅಥವಾ ಒಂದು ಸತ್ತರೆ ಅಂದೇ ಪಶು ಚಿಕಿತ್ಸಾಲಯಕ್ಕೆ ತಿಳಿಸಬೇಕು. ಸತ್ತದ್ದನ್ನು ಕಾಲುವೆಗೆ, ಹಳ್ಳಕ್ಕೆ ಎಸೆಯಕೂಡದು.

ಸರ್ಕಾರದ ಪಾಲೂ ಇದೆ. ಒಂದೇ ಕೋಳಿಯ ದೂರಿಗೂ ಮಾದರಿ ಸಂಗ್ರಹವಾಗಬೇಕು. ತಿಳಿಸಿದವರ ಮನೆಯಲ್ಲಿ ಸತ್ತ ಕೋಳಿಗೂ ಪರಿಹಾರ ದೊರೆಯಬೇಕು. ಅದು ವಾರದೊಳಗೆ ಕೈಸೇರಬೇಕು.

ಘಟ್ಟದ ಮೇಲಿನ ನಮಗೆ ಬಯಲಿನ ಹುಂಜದ ಚಿಂತೆಯೇಕೆ ಎನ್ನುವವರಿರಬಹುದು. ನಮ್ಮ ಕಾಡಂಚಿನ ಕಾಡುಕೋಳಿ, ನವಿಲುಗಳು ನಾಟಿಕೋಳಿಯ ಬಂಧುಗಳೇ. ರಾಣಿಖೇತ್ ಅವನ್ನೂ ಬಿಡುವುದಿಲ್ಲ. ಬಯಲಿನ ಸಂತೆಯಲ್ಲಿ ಕೊಂಡ ಕೋಳಿ ಸಂಜೆಗೆ ಘಟ್ಟವೇರುತ್ತದೆ. ಕಾಡಿನ ಹಕ್ಕಿಗೆ ಲಸಿಕೆ ಹಾಕುವವರು ಯಾರೂ ಇಲ್ಲ. ಅದರ ರಕ್ಷಣೆ ಹಿತ್ತಿಲಿನ ಕೋಳಿಯಿಂದಲೇ, ಅದನ್ನು ಸಾಕಿದವಳು ನಿರ್ಭಯವಾಗಿ ಬಾಯಿಬಿಟ್ಟು ಹೇಳುವುದರಿಂದಲೇ ಆರಂಭವಾಗಬೇಕು.