ಹಳೆಯ ಕುರ್ಚಿಗೆ ಹೊಸ ಗವಸು

ಮನೆಯಲ್ಲಿ ಹಳೆಯದಾಗುವ ವಸ್ತುಗಳಲ್ಲಿ ಎರಡು ಬಗೆ. ಒಡಲೇ ಶಿಥಿಲವಾದದ್ದು ಒಂದು. ಒಡಲು ಗಟ್ಟಿಯಾಗಿದ್ದು ಉಡುಗೆ ಮಾತ್ರ ಹರಿದದ್ದು ಇನ್ನೊಂದು. ಈ ಭೇದವನ್ನು ಗಮನಿಸದೆ ಎಷ್ಟೋ ಒಳ್ಳೆಯ ಕುರ್ಚಿಗಳನ್ನು ನಾವು ಗುಜರಿಗೆ ಹಾಕಿಬಿಡುತ್ತೇವೆ.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಮಾವನವರ ಸಾಗವಾನಿ ಕುರ್ಚಿಯೊಂದಿದೆ. ಅವರು ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೂಡುತ್ತಿರಲಿಲ್ಲ. ಮೆತ್ತೆಯ ಮೂಲೆ ಹರಿದು ಅರಳೆ ಹೊರಗೆ ಬಂದಿತ್ತು. “ಅಮ್ಮಾ, ಇದನ್ನು ಮಾರಿಬಿಡೋಣ” ಎಂದು ಮಗ ಹೇಳಿದ. ನಾನು ಎರಡೂ ಕೈಗಳನ್ನು ಹಿಡಿದು ಕುರ್ಚಿಯನ್ನು ಅಲುಗಿಸಿ ನೋಡಿದೆ. ಒಂದು ಸಂದೂ ಸಡಿಲಿರಲಿಲ್ಲ. ಇನ್ನು ಮಾರುವುದೇಕೆ?

ಅಳತೆಗೆಂದು ಹಳೆಯ ಗವಸನ್ನು ಬಿಚ್ಚಹೊರಟಾಗ ಅತ್ತೆಯವರು ತಡೆದರು. “ಅದನ್ನ ಬಿಚ್ಚಬ್ಯಾಡವಾ” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಹಠ ಹಿಡಿಯಲಿಲ್ಲ. ಹರಿದ ಮೂಲೆಯನ್ನು ಇದ್ದಲ್ಲಿಯೇ ಕೈಹೊಲಿಗೆಯಿಂದ ಮುಚ್ಚಿ, ಅದರ ಮೇಲೆಯೇ ತೊಡಿಸುವಂತೆ ಹೊಸ ಗವಸನ್ನು ಹೊಲಿಯಲು ನಿಶ್ಚಯಿಸಿದೆ.

ಆದರೆ ಆತುರದಲ್ಲಿ ಒಂದು ತಪ್ಪು ಮಾಡಿದೆ. ಅಂಗಡಿಯಿಂದ ತಂದ ಖಾದಿಯನ್ನು ನೀರಿಗೆ ಹಾಕದೆಯೇ ಕತ್ತರಿಸಿದೆ. ಗವಸು ಮೊದಲು ಸೊಗಸಾಗಿ ಕೂತಿತು. ಮೊದಲ ಒಗೆತಕ್ಕೆ ಸುಮಾರು 1 ಅಂಗುಲ ಕುಗ್ಗಿತು. ಬಲವಂತದಿಂದ ತೊಡಿಸಹೋದಾಗ ಮೂಲೆಯ ಹೊಲಿಗೆ ಬಿಟ್ಟಿತು. ನನಗೆ ಅಳುವೇ ಬಂದಿತು. ಎಲ್ಲವನ್ನೂ ನೋಡುತ್ತಿದ್ದ ಅತ್ತೆಯವರು ಟ್ರಂಕು ತೆಗೆದು ತಮ್ಮ ಹಳೆಯ ಇಳಕಲ್ ಸೀರೆಯನ್ನು ನನ್ನ ಮುಂದಿಟ್ಟರು. “ಇಪ್ಪತ್ತು ವರ್ಷ ನೀರು ಕಂಡ ಬಟ್ಟಿ ಇದು. ಇನ್ನ ಕುಗ್ಗೂದಿಲ್ಲ. ಇದರಿಂದ ಹೊಲಿ.”

ಹಳೆಯ ಸೀರೆಯಿಂದ ಹೊಲಿಯುವವರು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ನೂಲು ತೆಳುವಾದ ಭಾಗವನ್ನು ಬಿಟ್ಟುಬಿಡಿರಿ. ಇಳಕಲ್ ಸೀರೆಯ ರೇಷ್ಮೆಯ ಸೆರಗು ಕುರ್ಚಿಯ ಉಜ್ಜಾಟವನ್ನು ತಾಳದು. ಹತ್ತಿಯ ಒಡಲನ್ನಷ್ಟೇ ಬಳಸಿ, ಒಳಗೆ ಒಗೆದ ಬಿಳಿಯ ಬಟ್ಟೆಯ ಅಸ್ತರು ಕೊಟ್ಟರೆ ಬಾಳಿಕೆ ಬರುತ್ತದೆ. ಹೊಸ ಬಟ್ಟೆಯಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕತಕ್ಕದ್ದು. ಬಣ್ಣ ಬಿಡುವುದೋ ಇಲ್ಲವೋ ಎಂಬುದೂ ಆಗಲೇ ತಿಳಿಯುತ್ತದೆ.

ನಮ್ಮ ಮೆತ್ತೆ 18 ಅಂಗುಲದ ಚೌಕ, ದಪ್ಪ 3 ಅಂಗುಲ. ಪ್ರತಿ ಅಂಚಿಗೂ ಹೊಲಿಗೆಗೆಂದು ಅರ್ಧ ಅಂಗುಲ ಬಿಡಬೇಕಾದ್ದರಿಂದ ಮೇಲಿಗೂ ಕೆಳಗೂ 19 ಅಂಗುಲದ ಎರಡು ಚೌಕಗಳು; ಸುತ್ತಲಿನ ಪಟ್ಟಿಗೆ 4 ಅಂಗುಲ ಅಗಲ, 73 ಅಂಗುಲ ಉದ್ದದ ತುಂಡು. ಸೀರೆ ಉದ್ದವಾದದ್ದರಿಂದ ಪಟ್ಟಿಗೆ ನಡುವೆ ಜೋಡಣೆ ಬೇಕಾಗಲಿಲ್ಲ. ಪಟ್ಟಿಯ ಎರಡು ತುದಿಗಳನ್ನು ಕೂಡಿಸಿ ಬಳೆಯಂತೆ ಮಾಡಿ, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಯಂತ್ರದಲ್ಲಿ ಹೊಲಿಯಿರಿ. ಮೂಲೆ ಬಂದಲ್ಲಿ ಪಟ್ಟಿಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟರೆ ಅದು ಸುಕ್ಕಿಲ್ಲದೆ ತಿರುಗುತ್ತದೆ. ಹಿಂಬದಿಯ ಕೆಳ ಅಂಚನ್ನು ಕೂಡಿಸದೆ ಬಿಟ್ಟು, ಬಟ್ಟೆಯ ತುದಿಗಳನ್ನು ಮಡಿಸಿ ಹೊಲಿದು, ನಾಲ್ಕು ಜೊತೆ ಲಾಡಿ ಇಡಿರಿ. ಜಿಪ್ಪಿನ ತೊಂದರೆಯಿಲ್ಲ, ಒಗೆಯಲು ಬೇಕಾದಾಗ ಬಿಚ್ಚಬಹುದು.

ಒರಗುವ ಚಪ್ಪಟೆ ದಿಂಬಿಗೆ ಲಾಡಿಯೂ ಬೇಡ. ದಿಂಬು 16 ಅಂಗುಲದ್ದಾದರೆ ಮುಂಬದಿಗೆ 17 ಅಂಗುಲದ ಒಂದು ಚೌಕ. ಹಿಂಬದಿಗೆ 17 ಅಂಗುಲ ಉದ್ದ, ಹನ್ನೊಂದೂವರೆ ಅಂಗುಲ ಅಗಲದ ಎರಡು ತುಂಡುಗಳು. ಪ್ರತಿ ತುಂಡಿನ ಒಳ ಅಂಚನ್ನು 1 ಅಂಗುಲ ಮಡಿಸಿ ಹೊಲಿದು, ನಡುವೆ ಒಂದರ ಮೇಲೊಂದು 4 ಅಂಗುಲ ಕೂಡುವಂತಿಟ್ಟು ಸುತ್ತಲೂ ಹೊಲಿದರೆ ಮುಗಿಯಿತು.

ಈಗ ಆ ಕುರ್ಚಿಯಲ್ಲಿ ಮಗ ಕುಳಿತು ಓದುತ್ತಾನೆ. ಮಾರುವ ಮಾತು ಮತ್ತೆ ಬಂದಿಲ್ಲ. ಗವಸನ್ನು ಒಗೆಯುವ ದಿನ ಅತ್ತೆಯವರೇ ಬಂದು ಲಾಡಿ ಬಿಚ್ಚುತ್ತಾರೆ. ಒಳಗಿನ ಹಳೆಯ ಬಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿ, ಮೆತ್ತೆಯನ್ನು ತಾವೇ ಬಿಸಿಲಿಗಿಡುತ್ತಾರೆ.

ಸೋದರಿಯರೇ, ಹೊಸ ಬಟ್ಟೆಗೆಂದು ಪೇಟೆಗೆ ಹೊರಡುವ ಮುನ್ನ ನಿಮ್ಮ ಮನೆಯ ಟ್ರಂಕಿನ ತಳವನ್ನೊಮ್ಮೆ ನೋಡಿರಿ. ಆದರೆ ಕತ್ತರಿ ಹಿಡಿಯುವ ಮುನ್ನ, ಆ ಬಟ್ಟೆ ಯಾರದೋ ಅವರನ್ನು ಕೇಳಿರಿ.