ಮಗುವಿನ ಕಣ್ಣೆತ್ತರದಲ್ಲಿ ಒಂದು ಕಲ್ಲು

ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಬಳಿ ಕುಳಿತ ವೀರ, ಅವನ ನೆತ್ತಿಯ ಮೇಲೆ ಸೂರ್ಯ-ಚಂದ್ರ. ಶಿವಮೊಗ್ಗದಲ್ಲಿ, ತುಂಗೆಯ ದಂಡೆಯ ಶಿವಪ್ಪ ನಾಯಕನ ಅರಮನೆ ಈಗ ಸರ್ಕಾರಿ ಮ್ಯೂಸಿಯಂ. ಅದರ ಆವರಣದಲ್ಲಿ ಇಂಥ ಕಲ್ಲುಗಳನ್ನು ಬಯಲಿನಲ್ಲೇ ನಿಲ್ಲಿಸಿದ್ದಾರೆ. ದೊಡ್ಡವರು ಎದುರು ನಿಂತರೆ ಕಣ್ಣು ಮೊದಲು ಬೀಳುವುದು ತುದಿಯ ಕೈಲಾಸದ ಮೇಲೆ. ಐದು ವರ್ಷದ ಮಗು ನೋಡುವುದು ನೇರ ಕಾಳಗವನ್ನೇ, ಅಂದರೆ ಕತೆ ಶುರುವಾಗುವ ಜಾಗವನ್ನೇ.

ಈಚೆಗೆ ಮೊಮ್ಮಗಳ ಜೊತೆ ಅಲ್ಲಿದ್ದಾಗ ಅವಳು ಒಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಏಳಲೇ ಇಲ್ಲ. "ಅಜ್ಜಾ, ಈ ಹಸುಗಳು ಎಲ್ಲಿಗೆ ಹೋಗ್ತಿವೆ?" ಕಳ್ಳರು ಹೊಡೆದುಕೊಂಡು ಹೋಗ್ತಿದ್ದಾರೆ, ಬಿಡಿಸೋಕೆ ಇವನೊಬ್ಬ ಅಡ್ಡ ನಿಂತಿದ್ದಾನೆ ಎಂದೆ. "ಬಿಡಿಸ್ಕೊಂಡ್ನಾ?" ಬಿಡಿಸಿಕೊಂಡ, ಆದರೆ ಅವನು ಮನೆಗೆ ಬರಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವನ ಅಮ್ಮ?" ಎಂದಳು.

ಎಂಥ ಪ್ರಶ್ನೆ! ಉತ್ತರವೂ ನಮ್ಮ ಶಾಸನಗಳಲ್ಲೇ ಇದೆ. ಊರಿಗಾಗಿ ಪ್ರಾಣ ಕೊಟ್ಟವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯಿತ್ತು. ಅದನ್ನು ನೆತ್ತರುಕೊಡಗೆ ಎನ್ನುತ್ತಿದ್ದರು. ತುರುಗಾಳಗದಲ್ಲಿ, ಅಂದರೆ ದನ ಬಿಡಿಸುವ ಕಾಳಗದಲ್ಲಿ, ಸತ್ತವನ ಹೆಸರು, ಊರು, ಮನೆಯವರಿಗೆ ಸಿಕ್ಕ ಗದ್ದೆ ಎಲ್ಲವೂ ಎಷ್ಟೋ ಕಲ್ಲುಗಳ ಮೇಲೆ ಉಳಿದಿವೆ. ಶಾಸನತಜ್ಞ ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ ಎರಡು ಸಂಪುಟಗಳಲ್ಲಿ 1902 ಮತ್ತು 1904ರಲ್ಲೇ ಅಚ್ಚು ಮಾಡಿಸಿಕೊಟ್ಟರು. ಸಾಮಗ್ರಿಯ ಕೊರತೆ ನಮಗಿಲ್ಲ. ಆದರೂ ನಮ್ಮ ಜಿಲ್ಲಾ ಮ್ಯೂಸಿಯಂಗಳ ಫಲಕಗಳು ಸಾಮಾನ್ಯವಾಗಿ 'ವೀರಗಲ್ಲು, 12ನೇ ಶತಮಾನ' ಎಂದು ಹೇಳಿ ಮುಗಿಸಿಬಿಡುತ್ತವೆ. ಕಾಲ ಯಾವುದು ಎಂದು ತಿಳಿಯಿತು. ಏನು ನಡೆಯಿತು, ಯಾರು ಸತ್ತರು, ಉಳಿದವರ ಗತಿ ಏನಾಯಿತು? ಓದಲು ಬಾರದ ಮಗು ಇದನ್ನೇ ಕೇಳುತ್ತದೆ, ಓದಲು ಬರುವ ಅಪ್ಪ-ಅಮ್ಮ ಉತ್ತರ ಗೊತ್ತಿಲ್ಲದೆ "ಬಾ, ಮುಂದೆ ಹೋಗೋಣ" ಎಂದು ಕೈ ಹಿಡಿದು ಎಳೆಯುತ್ತಾರೆ.

ದಯವಿಟ್ಟು ಎಳೆಯಬೇಡಿ. ಟಿಕೆಟ್ ಕೊಂಡಿದ್ದೇವೆಂದು ನಾಣ್ಯ, ಕತ್ತಿ, ತಾಮ್ರಪಟ ಎಲ್ಲವನ್ನೂ ತೋರಿಸಿಯೇ ಕರೆತರಬೇಕೆಂಬ ನಿಯಮವೇನೂ ಇಲ್ಲ. ಮಗು ಒಂದೇ ಕಲ್ಲಿನ ಮುಂದೆ ಅರ್ಧ ಗಂಟೆ ಕೂತರೆ ಆ ದಿನದ ಮ್ಯೂಸಿಯಂ ಅಷ್ಟೇ. ಉಳಿದದ್ದಕ್ಕೆ ಇನ್ನೊಂದು ಭಾನುವಾರ ಇದೆ. ಸಣ್ಣ ಊರಿನ ಮ್ಯೂಸಿಯಂನ ದೊಡ್ಡ ಅನುಕೂಲವೇ ಇದು: ಹತ್ತಿರದಲ್ಲಿದೆ, ನೂಕುನುಗ್ಗಲಿಲ್ಲ, ಮತ್ತೆ ಮತ್ತೆ ಹೋಗಬಹುದು.

ಒಂದೇ ಕಲ್ಲಿನಲ್ಲಿ ಎಷ್ಟು ಕತೆ ಇರಬಹುದೆಂಬುದಕ್ಕೆ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಸಂಗ್ರಹದ ಆತಕೂರು ಶಾಸನವನ್ನೇ ನೋಡಿ. ಮಂಡ್ಯ ಜಿಲ್ಲೆಯಿಂದ ಬಂದ, ಹತ್ತನೇ ಶತಮಾನದ ಕಲ್ಲು. ಇತಿಹಾಸಕಾರರಿಗೆ ಅದು ಮುಖ್ಯ, ಏಕೆಂದರೆ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲಂನಲ್ಲಿ ನಡೆದ ಯುದ್ಧದ ಮಾತು ಅದರಲ್ಲಿದೆ. ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯೂ ಇದೆ. ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕೆಂದಾಗ ಅವನ ಬಂಟ ಮಣಲೆರ ಕೇಳಿ ಪಡೆದದ್ದು ಈ ನಾಯಿಯನ್ನು. ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ ಅದು ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಮಗುವಿಗೆ ಹೇಳುವಾಗ ಕಾಳಿಯಿಂದ ಶುರು ಮಾಡಿ. ತಕ್ಕೋಲಂ ಮಗು ಹೈಸ್ಕೂಲಿಗೆ ಹೋದಾಗ ಬರಲಿ.

"ಮುಟ್ಟಬೇಡ" ಎಂಬ ಕಾವಲುಗಾರರ ಕೂಗನ್ನು ತಪ್ಪೆನ್ನಲಾರೆವು. ಕೈಯ ಬೆವರು ಕಂಚಿಗೂ ತಾಳೆಗರಿಗೂ ಕೇಡು. ಆದರೆ ಒಂದು ವೀರಗಲ್ಲಿನ ಅಚ್ಚು ತೆಗೆದು, ಮಕ್ಕಳು ಬೆರಳಾಡಿಸಿ ನೋಡಲೆಂದು ಬಾಗಿಲ ಬಳಿ ಇಟ್ಟರೆ ಆ ಕೂಗು ಅರ್ಧ ಕಡಿಮೆಯಾದೀತು.

ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ನಮ್ಮ ಕೋರಿಕೆ ಇಷ್ಟೇ. ಮುಂದಿನ ದಸರಾ ರಜೆಯೊಳಗೆ ಪ್ರತಿ ಜಿಲ್ಲಾ ಮ್ಯೂಸಿಯಂ ತನ್ನಲ್ಲಿರುವ ಒಂದೇ ಒಂದು ಕಲ್ಲನ್ನು ಆರಿಸಿಕೊಳ್ಳಲಿ. ಅದರ ಕತೆಯನ್ನು ಆಡುಮಾತಿನಲ್ಲಿ, ದಪ್ಪ ಅಕ್ಷರದಲ್ಲಿ, ಹತ್ತು ಸಾಲಿನಲ್ಲಿ ಬರೆಸಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಹಾಕಿಸಲಿ. ಕಲ್ಲು ಬಂದ ಊರಿನ ಹೆಸರು ಮೊದಲ ಸಾಲಿನಲ್ಲೇ ಇರಲಿ. ಆ ಊರಿನ ಶಾಲೆಯ ಮಕ್ಕಳನ್ನೇ ಮೊದಲು ಕರೆಯಲಿ.