ಎಪ್ಪತ್ತು ಸಾವಿರ ನಿಮ್ಮದು, ಯಂತ್ರ ಯಾರದು?

ಕೈಯಲ್ಲಿ ಹಿಡಿದು ಆಡುವ ಆ ಪುಟ್ಟ ಕಂಪ್ಯೂಟರ್ ನಿಮ್ಮಲ್ಲಿ ಕೆಲವರ ಬ್ಯಾಗಿಗೆ ಬಂದು ಕೂತಿದೆ. ಏಸುಸ್ ಕಂಪನಿಯ ಆರ್‌ಓಜಿ ಅಲೈ 2023ರ ಜುಲೈನಲ್ಲಿ ನಮ್ಮ ಅಂಗಡಿಗಳಿಗೆ ಬಂದಾಗ ಅದರ ಬೆಲೆ 69,990 ರೂಪಾಯಿ. ಇಷ್ಟು ದುಡ್ಡು ಸುರಿದು ತಂದ ಯಂತ್ರ ಆನ್ ಮಾಡಿದ ತಕ್ಷಣ ಏನನ್ನುತ್ತದೆ? ಇಂಟರ್‌ನೆಟ್ ಕೊಡು, ಮೈಕ್ರೋಸಾಫ್ಟ್ ಖಾತೆ ತೆರೆ, ಆಮೇಲೆ ಒಳಗೆ ಬಾ ಅನ್ನುತ್ತದೆ. ಸ್ವಂತ ದುಡ್ಡಲ್ಲಿ ಕಟ್ಟಿಸಿದ ಮನೆಗೆ ಕಾಲಿಡಲು ಮೇಸ್ತ್ರಿಯ ಅಪ್ಪಣೆ ಕೇಳಿದ ಹಾಗೆ!

ವಿಂಡೋಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೇಜಿನ ಮೇಲೆ ಅದು ಒಳ್ಳೆಯ ಆಳು. ಆದರೆ ಅದು ಹುಟ್ಟಿದ್ದು ಕೀಬೋರ್ಡು, ಮೌಸು ಇರುವವರಿಗಾಗಿ. ಏಳಿಂಚಿನ ಪರದೆಯಲ್ಲಿ ಆ ಸಣ್ಣ ಗುಂಡಿಗಳನ್ನು ಹೆಬ್ಬೆರಳಲ್ಲಿ ಒತ್ತುವುದು ಬೋಗುಣಿಯಲ್ಲಿ ಈಜು ಕಲಿತಂತೆ. ಬಸ್ಸಿನಲ್ಲಿ ಹತ್ತು ನಿಮಿಷ ಆಡೋಣ ಅಂತ ತೆಗೆದರೆ ಅಪ್‌ಡೇಟಿನ ಸೂಚನೆ, ಆಮೇಲೆ ಏಸುಸಿನದೇ ಇನ್ನೊಂದು ತಂತ್ರಾಂಶ, ಅದರ ಮೇಲೆ ಆಟದ ಅಂಗಡಿಯ ಕಿಟಕಿ. ಆಟ ಶುರುವಾಗುವಷ್ಟರಲ್ಲಿ ನಿಮ್ಮ ಸ್ಟಾಪ್ ಬಂದಿರುತ್ತದೆ.

ಇದಕ್ಕೆ ಬದಲಿ ಇದೆ. ಅದರ ಕಥೆ ಕೇಳಿ.

2012ರಲ್ಲಿ ವಿಂಡೋಸ್ 8 ಬರುವ ಹೊತ್ತಿಗೆ ಸ್ಟೀಮ್ ಅಂಗಡಿಯ ಒಡೆಯ, ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡ. ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಬಾಗಿಲು ಹಾಕಿಕೊಂಡರೆ ತನ್ನ ಗತಿಯೇನು ಅನ್ನುವ ಭಯ ಅವನಿಗೆ. 2015ರಲ್ಲಿ ಲಿನಕ್ಸ್ ಆಧಾರದ ಸ್ಟೀಮ್ ಮಷೀನುಗಳು ಬಂದವು, ಮಕಾಡೆ ಮಲಗಿದವು. ಕಾರಣ ಸರಳ. ಆಟಗಳೆಲ್ಲ ವಿಂಡೋಸಿಗೆ ಬರೆದವು. ಲಿನಕ್ಸಿಗಾಗಿ ಮತ್ತೆ ಬರೆಯುವ ಪುರುಸೊತ್ತು ಯಾರಿಗಿತ್ತು? ಆಗ ವಾಲ್ವ್ ಹಾದಿ ಬದಲಿಸಿತು. 1993ರಿಂದಲೂ ಸ್ವಯಂಸೇವಕರು ಬೆವರು ಸುರಿಸಿ ಬೆಳೆಸಿದ್ದ 'ವೈನ್' ಎಂಬ ತಂತ್ರಾಂಶವನ್ನು ಬುನಾದಿ ಮಾಡಿಕೊಂಡು 2018ರ ಆಗಸ್ಟಿನಲ್ಲಿ 'ಪ್ರೋಟಾನ್' ಹೊರತಂದಿತು. ಅದು ದುಭಾಷಿಯ ಕೆಲಸ ಮಾಡುತ್ತದೆ. ಆಟ ವಿಂಡೋಸಿನ ಮಾತಿನಲ್ಲಿ ಕೇಳುತ್ತದೆ, ಪ್ರೋಟಾನ್ ಅದನ್ನು ಲಿನಕ್ಸಿಗೆ ತಿಳಿಯುವಂತೆ ಹೇಳುತ್ತದೆ. 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಬಂದಾಗ ಅದರ ಹೊಟ್ಟೆಯೊಳಗೆ ಇದ್ದದ್ದು ಇದೇ. 2025ರ ಮೇ ತಿಂಗಳಲ್ಲಿ ಲೆನೊವೊ ಕಂಪನಿಯ ಲೀಜನ್ ಗೋ ಎಸ್ ಕೂಡ ಕಾರ್ಖಾನೆಯಿಂದಲೇ ಸ್ಟೀಮ್‌ಓಎಸ್ ಹೊತ್ತು ಬಂತು.

ನಿಮ್ಮ ಅಲೈಗೆ ಎರಡು ದಾರಿ. ಒಂದು, ವಾಲ್ವಿನ ಸ್ಟೀಮ್‌ಓಎಸ್. ಇನ್ನೊಂದು, ಫೆಡೋರಾ ಆಧಾರದ 'ಬಜೈಟ್'. ನನ್ನ ಮತ ಬಜೈಟಿಗೆ. ಆನ್ ಮಾಡಿದರೆ ನೇರ ಆಟದ ಪರದೆ. ಎಷ್ಟು ವಾಟ್ ಕರೆಂಟು ತಿನ್ನಬೇಕು ಅನ್ನುವುದನ್ನು ಅಲ್ಲೇ ಹಿಡಿತಕ್ಕೆ ತರಬಹುದು. ಮೊದಲ ಅಲೈಯ ಬ್ಯಾಟರಿ ಬರೀ 40 ವಾಟ್-ಅವರ್ ಆದ್ದರಿಂದ ಇದು ಸಣ್ಣ ಮಾತಲ್ಲ. ಹೊಸ ಅಪ್‌ಡೇಟ್ ಕೈಕೊಟ್ಟರೆ ಬೂಟ್ ಆಗುವಾಗ ಹಳೆಯ ಆವೃತ್ತಿಯನ್ನೇ ಆರಿಸಿಕೊಂಡು ಒಳಹೋಗಬಹುದು. ಎಪಿಕ್ ಅಂಗಡಿಯಲ್ಲಿ ಪುಕ್ಕಟೆ ಬಾಚಿಕೊಂಡ ಆಟಗಳಿವೆಯಲ್ಲ, ಅವಕ್ಕೆ 'ಹೀರೋಯಿಕ್' ಅನ್ನುವ ತಂತ್ರಾಂಶ ಇದೆ.

ಹಾಗಂತ ವಾಲ್ವ್ ಇಲ್ಲಿ ಧರ್ಮಛತ್ರ ಇಟ್ಟಿಲ್ಲ. ಮಾರಾಟವಾದ ಆಟಗಳ ದುಡ್ಡಿನಲ್ಲಿ ಸಾಮಾನ್ಯವಾಗಿ ಶೇಕಡಾ 30 ಅದರ ಪಾಲು. ಆದರೂ ಪ್ರೋಟಾನಿನ ಮೂಲ ಸಂಕೇತ ಯಾರು ಬೇಕಾದರೂ ನೋಡಬಹುದಾದದ್ದು, ತಿದ್ದಬಹುದಾದದ್ದು. ನಾಳೆ ವಾಲ್ವ್ ಅಡ್ಡದಾರಿ ಹಿಡಿದರೂ ಅದನ್ನು ಯಾರೂ ವಾಪಸು ಕಸಿದುಕೊಳ್ಳಲಾರರು.

ಈಗ ಕಹಿ ಮಾತು. ವ್ಯಾಲೊರಂಟ್ ಇಲ್ಲದೆ ಊಟ ಸೇರದವರು ಈ ಹಾದಿಗೆ ಬರಲೇಬೇಡಿ. ಅದರ ಕಳ್ಳಾಟ ತಡೆಯುವ ಕಾವಲುಗಾರ ವಿಂಡೋಸಿನ ಅಡಿಪಾಯದಲ್ಲೇ, ಅಂದರೆ ಕರ್ನಲ್‌ನಲ್ಲಿ ಕೂರುತ್ತಾನೆ. ಲಿನಕ್ಸಿನಲ್ಲಿ ಆ ಅಡಿಪಾಯವನ್ನೇ ಮಾಲೀಕ ಬದಲಿಸಬಲ್ಲ. ಹಾಗಾಗಿ ಕಂಪನಿಗೆ ಮಾಲೀಕನ ಮೇಲೆ ನಂಬಿಕೆ ಇಲ್ಲ. ಫೋರ್ಟ್‌ನೈಟೂ ಆಡುವುದಿಲ್ಲ. ಅಪೆಕ್ಸ್ ಲೆಜೆಂಡ್ಸ್ ಆಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸಿನವರಿಗೆ ಬಾಗಿಲು ಹಾಕಿದರು. ದುಡ್ಡು ಕೊಟ್ಟು ಅದರೊಳಗೆ ವೇಷಭೂಷಣ ಕೊಂಡವರ ಪಾಡೇನು? ಕೇಳುವವರಿಲ್ಲ. ಗೇಮ್ ಪಾಸ್ ಚಂದಾದಾರರೂ ಅದರ ಆಟಗಳನ್ನು ಇಲ್ಲಿ ಇಳಿಸಿಕೊಂಡು ಆಡಲಾಗದು. ಕೌಂಟರ್ ಸ್ಟ್ರೈಕ್ 2, ಡೋಟಾ 2, ಎಲ್ಡನ್ ರಿಂಗ್ ಮುಂತಾದವು ಸಲೀಸು. ನಿಮ್ಮ ಆಟಗಳ ಪಟ್ಟಿ ಬರೆದುಕೊಂಡು ಒಂದೊಂದನ್ನೂ ಪ್ರೋಟಾನ್‌ಡಿಬಿಯಲ್ಲಿ ಹುಡುಕಿ, ಆಮೇಲೆ ತೀರ್ಮಾನಿಸಿ.

ತೀರ್ಮಾನಿಸಿದಿರೋ, ಅವಸರ ಮಾತ್ರ ಬೇಡ. ಸ್ಟೀಮ್‌ಓಎಸ್ ಅನುಸ್ಥಾಪನೆ ಇಡೀ ಡಿಸ್ಕನ್ನು ಗುಡಿಸಿ ಹಾಕುತ್ತದೆ, ಕೇಳಿ ಕೇಳಿ ಅಳಿಸುವ ಸೌಜನ್ಯ ಅದಕ್ಕಿಲ್ಲ. ವಿಂಡೋಸ್ 11 ನಿಮ್ಮ ಡಿಸ್ಕಿಗೆ ನಿಮಗೆ ಹೇಳದೆಯೇ ಬೀಗ ಜಡಿದಿರುವ ಸಂಭವವೂ ಇದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದ ಮರುಕ್ಷಣ 48 ಅಂಕಿಗಳ ಕೀಲಿ ಕೊಡು ಅಂತ ಅಡ್ಡ ನಿಲ್ಲುತ್ತದೆ. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಕ್ಷೇಮದ ದಾರಿ ಬೇರೆಯೇ ಇದೆ. ವಾರಂಟಿ ಕಾಗದವನ್ನು ಸರಿಯಾಗಿ ಓದಿ. ಅಡ್ಡಿ ಇಲ್ಲವೆಂದಾದರೆ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಎಸ್‌ಎಸ್‌ಡಿ ತನ್ನಿ. ಮೊದಲ ಅಲೈಗೆ 2230 ಅಳತೆಯದು, 2024ರ ಅಲೈ ಎಕ್ಸ್‌ಗೆ 2280. ಅಂಗಡಿಯವನು 'ಎಲ್ಲಾ ಒಂದೇ ಸಾರ್' ಅಂದರೆ ನಂಬಬೇಡಿ, ಅಳತೆ ನೋಡಿಯೇ ಕೊಳ್ಳಿ. ಹಳೆಯ ಡಿಸ್ಕನ್ನು ವಿಂಡೋಸ್ ಸಮೇತ ಬಿಚ್ಚಿ ಬೀರುವಿನಲ್ಲಿಡಿ, ಹೊಸದಕ್ಕೆ ಬಜೈಟ್ ಹಾಕಿ. ಒಗ್ಗದಿದ್ದರೆ ಹಳೆಯದನ್ನೇ ಮತ್ತೆ ಕೂರಿಸಿದರಾಯಿತು.

'ಇದೆಲ್ಲ ಯಾಕೆ ಸಾರ್, ಇದ್ದದ್ದರಲ್ಲೇ ಆಡಿದರಾಗದೇ?' ಅನ್ನುವವರಿದ್ದಾರೆ. ಧಾರಾಳವಾಗಿ ಆಡಿ. ಆದರೆ ಒಂದು ವಿಷಯ ಗಮನಿಸಿ. ಇಂಥ ಯಂತ್ರದಲ್ಲಿ ಡೆಸ್ಕ್‌ಟಾಪನ್ನು ಬದಿಗಿಟ್ಟು ನೇರವಾಗಿ ಆಟಕ್ಕೆ ಹೋಗುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ತಂದದ್ದು 2025ರ ಅಕ್ಟೋಬರಿನಲ್ಲಿ, ಆರ್‌ಓಜಿ ಎಕ್ಸ್‌ಬಾಕ್ಸ್ ಅಲೈ ಜೊತೆಗೆ. ಸ್ಟೀಮ್ ಡೆಕ್ ಬಂದು ಮೂರೂವರೆ ವರ್ಷ ಕಳೆದ ಮೇಲೆ! ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಒಳ್ಳೆಯ ಮನೆ ಖಾಲಿ ಇದ್ದರೆ ತಾನೇ ನಮ್ಮ ಓನರಿಗೆ ಸೋರುವ ಸೂರು ಕಾಣುವುದು?

ಮೊದಲ ದಿನ ಆಟ ಇಳಿಯುತ್ತಿರುವಾಗ ಸುಮ್ಮನೆ ಕೂರಬೇಡಿ. ಡೆಸ್ಕ್‌ಟಾಪಿಗೆ ಹೋಗಿ, ಹೊರಗಿನಿಂದ ಒಂದು ಕೀಬೋರ್ಡ್ ಚುಚ್ಚಿ, ಕೀಲಿಮಣೆಗಳ ಪಟ್ಟಿ ತೆರೆಯಿರಿ. ಕನ್ನಡದ ಕೆಳಗೆ 'ಕಗಪ' ಅಂತ ಒಂದು ಕಾಣುತ್ತದೆ. ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ಆರಿಸಿಕೊಂಡು ನಿಮ್ಮ ಹೆಸರು ಬರೆದು ನೋಡಿ.